ಶನಿವಾರದ ಹಾಜರಾತಿ: ಬೆಂಗಳೂರಿನ ಒಂದು ಹೈಸ್ಕೂಲಿನ ಎನ್‌ಸಿಸಿ ಟ್ರೂಪಿನ ಪ್ರಕರಣ

ನವೆಂಬರ್ ತಿಂಗಳಲ್ಲಿ ಬೆಟಾಲಿಯನ್‌ನಿಂದ ಶಾಲೆಗೆ ಒಂದು ಮಾಮೂಲಿ ಪತ್ರ ಬಂತು. ಎನ್‌ಸಿಸಿಯ ಮೊದಲ ಹಂತದ ‘ಎ’ ಸರ್ಟಿಫಿಕೇಟ್ ಪರೀಕ್ಷೆಗೆ ಕೂರುವ ಎರಡನೇ ವರ್ಷದ ಕೆಡೆಟ್‌ಗಳ ಪಟ್ಟಿ ಕಳಿಸಿ ಎಂದಷ್ಟೇ ಅದರಲ್ಲಿತ್ತು. ಶಾಲೆಯ ಎನ್‌ಸಿಸಿ ಅಧಿಕಾರಿ ಹಾಜರಾತಿ ಪುಸ್ತಕ ತೆಗೆದು ಕೂಡಿಸಿ ನೋಡಿದರು. ಒಂಬತ್ತನೇ ತರಗತಿಯ ಐವತ್ತು ಕೆಡೆಟ್‌ಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲಿಗೆ ಹಾಜರಾತಿ ಸಾಲದು. ಪರೀಕ್ಷೆಗೆ ಕೂರಲು ಎರಡು ವರ್ಷದ ಪರೇಡ್‌ಗಳಲ್ಲಿ ಶೇ 75 ಹಾಜರಾತಿ ಬೇಕು, ಒಂದು ವಾರ್ಷಿಕ ಕ್ಯಾಂಪ್ ಮುಗಿಸಿರಬೇಕು. ಕ್ಯಾಂಪನ್ನು ಹೆಚ್ಚುಕಮ್ಮಿ ಎಲ್ಲರೂ ಮುಗಿಸಿದ್ದರು. ಹತ್ತು ದಿನ ಮನೆ ಬಿಟ್ಟು ಟೆಂಟಿನಲ್ಲಿ ಮಲಗಿ, ಬೆಳಗಿನ ಜಾವ ಎದ್ದು ಓಡಿ, ಪಾಯಿಂಟ್ ಟೂಟೂ ರೈಫಲ್ ಹಿಡಿದು ಗುಂಡು ಹಾರಿಸಿ ಬಂದ ಮಕ್ಕಳು ಇವರು. ಅಂಥವರು ಶಾಲೆಯ ಪರೇಡ್‌ಗೆ ವಾರಕ್ಕೊಮ್ಮೆ ಏಕೆ ಬರಲಿಲ್ಲ?

ಈ ಪ್ರಶ್ನೆ ಹಿಡಿದು ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿದರು. ಶಾಲೆಗಳ ದೈಹಿಕ ಶಿಕ್ಷಣದ ಟೈಮ್‌ಟೇಬಲ್, ಹತ್ತನೇ ತರಗತಿಯ ನಂತರದ ದಾರಿಗಳು, ಈ ಎರಡೂ ನಾನು ಬಹಳ ಕಾಲದಿಂದ ನೋಡಿಕೊಂಡು ಬಂದ ವಿಷಯಗಳು. ಶಾಲೆಯ ಹೆಸರು ಹಾಕಬಾರದೆಂದು ಆಡಳಿತ ಮಂಡಳಿ ಕೇಳಿಕೊಂಡಿದೆ. ಮಕ್ಕಳ ಹೆಸರುಗಳನ್ನೂ ಬದಲಿಸಿದ್ದೇನೆ.

ಶಾಲೆ ಇರುವುದು ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ ಕಡೆ. ಅನುದಾನಿತ ಹೈಸ್ಕೂಲು, ಕನ್ನಡ ಮತ್ತು ಇಂಗ್ಲಿಷ್ ಎರಡೂ ಮಾಧ್ಯಮ. ಸುತ್ತ ಲೇಥ್ ಮೆಷಿನ್ನಿನ ಸಣ್ಣ ಸಣ್ಣ ವರ್ಕ್‌ಶಾಪುಗಳು, ಗಾರ್ಮೆಂಟ್ಸ್, ಪ್ಲಾಸ್ಟಿಕ್ ಮೌಲ್ಡಿಂಗ್ ಶೆಡ್ಡುಗಳು. ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗಾರ್ಮೆಂಟ್ಸಿಗೆ ಹೋಗುವವರು. ತಂದೆಯರು ಆಟೋ, ವೆಲ್ಡಿಂಗ್, ಪೇಂಟಿಂಗ್, ಸೆಕ್ಯುರಿಟಿ. ಶಾಲೆಯ ಒಳಗಿರುವುದು ಕಾಂಕ್ರೀಟ್ ಹಾಕಿದ ಅಂಗಳ, ಅಷ್ಟೆ. ಓಡಬೇಕೆಂದರೆ ಎರಡು ರಸ್ತೆ ಆಚೆಗಿನ ಪಾಲಿಕೆ ಮೈದಾನಕ್ಕೆ ಸಾಲಾಗಿ ಹೋಗಬೇಕು.

ಮೂವರು, ಮೂರು ಕಾರಣ

ಮೊದಲ ದಿನ ಸ್ಟಾಫ್ ರೂಮಿನಲ್ಲಿ ಕೂತಾಗ ಮೂರು ವಿವರಣೆ ಸಿಕ್ಕವು. ಎನ್‌ಸಿಸಿ ಅಧಿಕಾರಿಯ ಪ್ರಕಾರ ಪೋಷಕರಿಗೆ ಆಸಕ್ತಿ ಇಲ್ಲ. ಗಣಿತ ಮೇಡಂ ಪ್ರಕಾರ ಮಕ್ಕಳಿಗೆ ಶಿಸ್ತಿಲ್ಲ. ಮೊದಲು ಟೋಪಿ ಬೂಟಿನ ಆಸೆಗೆ ಸೇರುತ್ತಾರೆ, ಆಮೇಲೆ ಬಿಸಿಲು ತಾಗಿದ ಮೇಲೆ ಓಡಿಹೋಗುತ್ತಾರೆ. ಮುಖ್ಯೋಪಾಧ್ಯಾಯಿನಿಗೆ ಟ್ಯೂಷನ್ ಮೇಲೆ ಅನುಮಾನ. ಮೂವರೂ ತಮ್ಮ ಮಾತಿಗೆ ಒಂದೆರಡು ಉದಾಹರಣೆ ಕೊಟ್ಟರು, ಮೂರೂ ನಿಜವೇ. ಆದರೆ ಮಕ್ಕಳನ್ನು ಯಾರೂ ಕೇಳಿರಲಿಲ್ಲ. ಮನೆಗೆ ಫೋನ್ ಮಾಡಿದ್ದರು. ಫೋನಿನಲ್ಲಿ ಕೇಳಿದ್ದು ‘ಯಾಕೆ ಕಳಿಸಲಿಲ್ಲ’ ಎಂದು. ಆ ಪ್ರಶ್ನೆಗೆ ‘ಹುಷಾರಿರಲಿಲ್ಲ ಸಾರ್’ ಎಂಬುದಕ್ಕಿಂತ ಬೇರೆ ಉತ್ತರ ಬರುವುದಿಲ್ಲ.

ಎನ್‌ಸಿಸಿ ಪುಸ್ತಕ ಒಂದನ್ನೇ ನೋಡಿದರೆ ಗೈರುಹಾಜರಿ ಕಾಣುತ್ತದೆ, ಕಾರಣ ಕಾಣುವುದಿಲ್ಲ. ಹಾಗಾಗಿ ಆ ಪುಸ್ತಕದ ಪಕ್ಕದಲ್ಲಿ ತರಗತಿಯ ಹಾಜರಾತಿ, ಬಿಸಿಯೂಟದ ಪುಸ್ತಕ, ಶಾಲೆಯ ಟೈಮ್‌ಟೇಬಲ್, ಕ್ರೀಡಾಕೂಟಗಳಿಗೆ ಹೋದ ದಿನಗಳ ಪಟ್ಟಿ, ಇಷ್ಟನ್ನೂ ಇಟ್ಟುಕೊಂಡು ತಾರೀಖು ತಾರೀಖಾಗಿ ಹೊಂದಿಸಿದೆವು. ಬೇಸರದ ಕೆಲಸ. ಆದರೆ ಮಧ್ಯಾಹ್ನದ ಹೊತ್ತಿಗೆ ಒಂದು ವಿಷಯ ಎದ್ದು ಕಂಡಿತು: ಪರೇಡ್‌ಗೆ ಬಾರದ ಮಕ್ಕಳಲ್ಲಿ ಬಹುಪಾಲು ಅದೇ ಶನಿವಾರ ಬೆಳಗ್ಗೆ ತರಗತಿಯಲ್ಲಿ ಇದ್ದರು. ಹನ್ನೊಂದೂವರೆಗೆ ಶಾಲೆ ಬಿಡುವವರೆಗೂ ಇದ್ದು, ಕಾಲುಗಂಟೆಯಲ್ಲಿ ಮಾಯ.

ಹನ್ನೊಂದೂವರೆಯ ನಂತರ

ಶನಿವಾರ ಬೆಳಗಿನ ಶಾಲೆ. ಪರೇಡ್ ಶುರುವಾಗುವುದು ಹನ್ನೊಂದೂ ಮುಕ್ಕಾಲಿಗೆ, ಮುಗಿಯುವುದು ಒಂದೂವರೆಗೆ. ಬೆಟಾಲಿಯನ್‌ನಿಂದ ಬರುವ ಪಿಐ ಸ್ಟಾಫ್, ಅಂದರೆ ಸೇನೆಯಿಂದ ನಿಯೋಜನೆಯ ಮೇಲೆ ಬಂದ ಹವಾಲ್ದಾರರು, ಬೇರೆ ಶಾಲೆಗಳನ್ನೂ ನೋಡಿಕೊಳ್ಳಬೇಕು. ಈ ಶಾಲೆಗೆ ಶನಿವಾರ ಎಂದು ಬಹಳ ವರ್ಷಗಳ ಹಿಂದೆ ಯಾರೋ ನಿಗದಿ ಮಾಡಿದ್ದು ಹಾಗೆಯೇ ನಡೆದುಕೊಂಡು ಬಂದಿತ್ತು.

ಶನಿವಾರ ಇಲ್ಲಿ ಬೆಳಗಿನ ಬಿಡುವಿನಲ್ಲಿ ಉಪ್ಪಿಟ್ಟು. ತಿಂದು ಎರಡು ಗಂಟೆ ಆದಮೇಲೆ ನೆತ್ತಿಯ ಮೇಲಿನ ಬಿಸಿಲಿಗೆ ನಿಲ್ಲಬೇಕು. ಮನೆಯಲ್ಲೂ ತಿನ್ನದೆ ಬಂದು, ಉಪ್ಪಿಟ್ಟನ್ನೂ ಬಿಟ್ಟ ಮಕ್ಕಳು (ಹೆಣ್ಣುಮಕ್ಕಳಲ್ಲಿ ಇದು ಜಾಸ್ತಿ) ಒಂದು ಗಂಟೆಯ ಹೊತ್ತಿಗೆ ಬಿದ್ದೇ ಹೋಗುತ್ತಿದ್ದರು. ಕಳೆದ ವರ್ಷ ಇಬ್ಬರು ತಲೆಸುತ್ತಿ ಬಿದ್ದಾಗ ‘ನಾಟಕ’ ಎಂಬ ಮಾತೂ ಬಂದಿತ್ತು. ನಂತರ ಶಾಲೆಗೆ ಬಂದ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮವಾದ ಆರ್‌ಬಿಎಸ್‌ಕೆಯ ತಂಡದವರು ನೋಡಿದಾಗ ಆ ಇಬ್ಬರಿಗೂ ರಕ್ತಹೀನತೆ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ ಎನ್ನುತ್ತಾರೆ. ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಹೊಟ್ಟೆ ತೊಳಸುತ್ತದೆಂದು ಅವರು ಚರಂಡಿಗೆ ಎಸೆಯುತ್ತಿದ್ದರಂತೆ. ಊಟದ ನಂತರ ನುಂಗಿದರೆ ತೊಳಸುವುದು ಕಡಿಮೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ರಮ್ಯಾ ಒಂಬತ್ತನೇ ತರಗತಿಯವಳು, ಕ್ಯಾಂಪಿನಲ್ಲಿ ಫೈರಿಂಗ್‌ನಲ್ಲಿ ಒಳ್ಳೆಯ ಗ್ರೂಪಿಂಗ್ (ಗುಂಡುಗಳು ಒತ್ತೊತ್ತಾಗಿ ಬೀಳುವುದು) ತೋರಿಸಿ ಶಹಭಾಷ್‌ಗಿರಿ ಗಿಟ್ಟಿಸಿದವಳು. ಶನಿವಾರಗಳಲ್ಲಿ ಮಾತ್ರ ಇಲ್ಲ. ಅವಳ ತಮ್ಮ ಪಕ್ಕದ ಬೀದಿಯ ಪ್ರಾಥಮಿಕ ಶಾಲೆಯಲ್ಲಿ ಎರಡನೇ ಕ್ಲಾಸು. ಅವನಿಗೂ ಹನ್ನೊಂದೂವರೆಗೇ ಬಿಡುತ್ತಾರೆ. ಅಮ್ಮ ಗಾರ್ಮೆಂಟ್ಸಿನಿಂದ ಬರುವುದು ಸಂಜೆ ಆರಕ್ಕೆ. ‘ಸಾರ್, ಅವನನ್ನ ಕರ್ಕೊಂಡು ಪರೇಡ್‌ಗೆ ಬರ್ಲಾ ಅಂತ ಕೇಳ್ದೆ, ಬೈದ್ರು’ ಎಂದಳು. ಮಂಜು ಎಂಬ ಹುಡುಗನದು ಇನ್ನೊಂದು ಬಗೆ. ಶನಿವಾರ ಮಧ್ಯಾಹ್ನ ಚಿಕ್ಕಪ್ಪನ ವೆಲ್ಡಿಂಗ್ ಶಾಪಿನಲ್ಲಿ ಕೈಗೆ ಸಿಗುವ ಹಣ ಅವನ ವಾರದ ಖರ್ಚು. ಹದಿನಾಲ್ಕು ದಾಟಿದವರನ್ನೂ ಅಪಾಯದ ಕೆಲಸಕ್ಕೆ ಹಚ್ಚಬಾರದು ಎಂದು 2016ರ ತಿದ್ದುಪಡಿಯ ನಂತರ ಕಾನೂನೇ ಹೇಳುತ್ತದೆ. ಅದನ್ನು ಚಿಕ್ಕಪ್ಪನಿಗೆ ತಿಳಿಸಿದ್ದಾಯಿತು. ಆತ ‘ನಮ್ಮ ಹುಡ್ಗನೇ ಅಲ್ವಾ ಸಾರ್’ ಎಂದು ನಕ್ಕ. ಆ ಜಗ್ಗಾಟ ಈ ಪ್ರಕರಣದ ಆಚೆಗೂ ನಡೆದಿದೆ.

ಬೂಟಿನ ವಿಷಯ ನಾನು ಊಹಿಸಿರದಿದ್ದದ್ದು. ಮೊದಲೆಲ್ಲ ಬೆಟಾಲಿಯನ್ ಸ್ಟೋರಿನಿಂದ ಬಟ್ಟೆ ಬೂಟು ಕೊಡುತ್ತಿದ್ದರು. ಈಗ ಸಮವಸ್ತ್ರದ ಹಣ ನೇರವಾಗಿ ಕೆಡೆಟ್‌ನ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆ ಇರಬೇಕು, ಆಧಾರ್ ಜೋಡಣೆಯಾಗಿರಬೇಕು, ಆಧಾರಿನ ಹೆಸರಿಗೂ ಶಾಲೆಯ ದಾಖಲೆಯ ಹೆಸರಿಗೂ ತಾಳೆಯಾಗಬೇಕು. ಇನಿಷಿಯಲ್ ಒಂದು ಹೆಚ್ಚುಕಮ್ಮಿಯಾಗಿ ಕೆಲವರ ಹಣ ನಿಂತಿತ್ತು. ಇನ್ನು ಕೆಲವರದು ಬಂದು, ಮನೆಯ ಬಾಡಿಗೆಗೆ ಹೋಗಿತ್ತು. ಇತ್ತ ಶಾಲೆಯ ನಿಯಮ ಏನೆಂದರೆ, ಪೂರ್ತಿ ಯೂನಿಫಾರ್ಮ್ ಇಲ್ಲದವರು ಫಾಲ್-ಇನ್‌ಗೆ (ಪರೇಡ್ ಸಾಲಿಗೆ) ನಿಲ್ಲುವಂತಿಲ್ಲ. ನಿಲ್ಲದವರಿಗೆ ಹಾಜರಿ ಇಲ್ಲ. ಹೀಗೆ ಮೈದಾನದ ಗೇಟಿನವರೆಗೆ ಬಂದು ವಾಪಸಾದವರೂ ಪುಸ್ತಕದಲ್ಲಿ ಗೈರು. ಈ ನಿಯಮ ಬೆಟಾಲಿಯನ್‌ನದಲ್ಲ, ಶಾಲೆಯೇ ಮಾಡಿಕೊಂಡದ್ದು. ಗಣರಾಜ್ಯೋತ್ಸವಕ್ಕೆ ಫೋಟೋ ಚೆನ್ನಾಗಿ ಬರಲಿ ಎಂಬುದಕ್ಕಿಂತ ದೊಡ್ಡ ಕಾರಣ ಅದಕ್ಕಿದ್ದಂತೆ ನನಗೆ ಕಾಣಲಿಲ್ಲ.

ಮೈದಾನದಲ್ಲಿ ಶೌಚಾಲಯವಿಲ್ಲ. ಮುಟ್ಟಿನ ದಿನಗಳಲ್ಲಿ ಖಾಕಿ ಪ್ಯಾಂಟ್ ಹಾಕಿ ಎರಡು ಗಂಟೆ ಅಲ್ಲಿ ನಿಲ್ಲಲು ಹೆಣ್ಣುಮಕ್ಕಳು ಒಪ್ಪುವುದಿಲ್ಲ, ಆ ಕಾರಣವನ್ನು ಸರ್‌ಗೆ ಹೇಳುವುದೂ ಇಲ್ಲ. ತಿಂಗಳಿಗೊಂದು ಶನಿವಾರ ಹೀಗೆಯೇ ಹೋಗುತ್ತಿತ್ತು.

ಒಬ್ಬರೇ ಮೇಷ್ಟ್ರು

ಇಡೀ ಹೈಸ್ಕೂಲಿಗೆ ಒಬ್ಬರೇ ದೈಹಿಕ ಶಿಕ್ಷಣ ಶಿಕ್ಷಕರು. ಮಕ್ಕಳ ಬಾಯಲ್ಲಿ ಪಿಟಿ ಸರ್. ಎನ್‌ಸಿಸಿ ಅಧಿಕಾರಿಯೂ ಅವರೇ. ನಾಗಪುರದ ಹತ್ತಿರದ ಕಾಮ್ಟಿಯ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ ಬಂದವರು. ಒಳ್ಳೆಯ ಮನುಷ್ಯ, ಗಂಟಲು ಹರಿಯುವಂತೆ ಕಮಾಂಡ್ ಕೊಡಬಲ್ಲರು, ಕನ್ನಡ ಮಾಧ್ಯಮದ ಮಕ್ಕಳಿಗೆ ಹಿಂದಿ ಕಮಾಂಡುಗಳನ್ನು ಆಟದಂತೆ ಕಲಿಸಿಬಿಡುತ್ತಾರೆ. ಆದರೆ ಅವರ ವರ್ಷವನ್ನು ಕ್ಯಾಲೆಂಡರಿನ ಮೇಲೆ ಹರಡಿ ನೋಡಿ. ಜೂನ್, ಜುಲೈ ದಾಖಲಾತಿ ಮತ್ತು ಆಯ್ಕೆ. ಆಗಸ್ಟ್, ಸೆಪ್ಟೆಂಬರ್ ಕ್ರೀಡಾಕೂಟಗಳು: ವಲಯ, ತಾಲ್ಲೂಕು, ಜಿಲ್ಲೆ, ಮಕ್ಕಳು ಗೆದ್ದಷ್ಟೂ ಇವರು ಹೊರಗೆ. ನಡುವೆ ಕ್ಯಾಂಪ್. ನವೆಂಬರ್ ಬಂತೆಂದರೆ ಪಾಲಿಕೆ ಮೈದಾನದಲ್ಲಿ ರಾಜ್ಯೋತ್ಸವದ ಸ್ಟೇಜು, ಸೌಂಡ್ ಬಾಕ್ಸು, ಆರ್ಕೆಸ್ಟ್ರಾ. ಬೆಂಗಳೂರಿನಲ್ಲಿ ರಾಜ್ಯೋತ್ಸವ ಒಂದು ದಿನದ ಹಬ್ಬವಲ್ಲ, ಒಂದು ತಿಂಗಳಿನದು. ಎನ್‌ಸಿಸಿ ದಿನಾಚರಣೆಯೂ ನವೆಂಬರಿನ ನಾಲ್ಕನೇ ಭಾನುವಾರವೇ. ಆ ಭಾನುವಾರ ಈ ಟ್ರೂಪ್ ಸೇರಿದ್ದು ಶಾಲೆಯ ಕಾಂಕ್ರೀಟ್ ಅಂಗಳದಲ್ಲಿ. ಜನವರಿಯಲ್ಲಿ ಮಾಣೆಕ್ ಷಾ ಪರೇಡ್ ಮೈದಾನದ ಗಣರಾಜ್ಯೋತ್ಸವ ಕವಾಯತಿಗೆ ಆಯ್ಕೆಯಾದ ಕೆಲವರ ತಾಲೀಮು, ಅವರ ಜೊತೆ ಸರ್.

ಸರ್ ಇಲ್ಲದ ಶನಿವಾರ ಕೆಲವೊಮ್ಮೆ ಪರೇಡೇ ಇಲ್ಲ. ಕೆಲವೊಮ್ಮೆ ಹವಾಲ್ದಾರರು ಬಂದು ನಡೆಸುತ್ತಾರೆ. ಯಾವ ವಾರ ಉಂಟು, ಯಾವ ವಾರ ಇಲ್ಲ ಎಂಬುದು ಶುಕ್ರವಾರ ಸಂಜೆಯವರೆಗೂ ಮಕ್ಕಳಿಗೆ ಗೊತ್ತಾಗುತ್ತಿರಲಿಲ್ಲ. ಖಾಕಿ ತೊಳೆದು ಇಸ್ತ್ರಿ ಮಾಡಿಸಿ, ಬೂಟಿಗೆ ಪಾಲಿಶ್ ಹಾಕಿ, ಬಂದು ನೋಡಿದರೆ ರದ್ದು. ಎರಡು ಸಲ ಹೀಗಾದ ಮೇಲೆ ಮೂರನೇ ಸಲ ಯಾವ ತಾಯಿ ಇಸ್ತ್ರಿಗೆ ದುಡ್ಡು ಕೊಡುತ್ತಾಳೆ?

ಇಷ್ಟು ಹೊರೆ ಹೊತ್ತವರಿಗೆ ಶಾಲೆಯಲ್ಲಿ ಸ್ಥಾನ ಏನು ಎಂಬುದನ್ನೂ ಹೇಳಬೇಕು. ದೈಹಿಕ ಶಿಕ್ಷಣ ಶಿಕ್ಷಕರನ್ನು ಬೇರೆ ವಿಷಯದ ಶಿಕ್ಷಕರಿಗೆ ಸಮಾನವಾಗಿ ಕಾಣಬೇಕು, ಬಡ್ತಿ ಕೊಡಬೇಕು ಎಂಬ ಬೇಡಿಕೆ ಕರ್ನಾಟಕದಲ್ಲಿ ಹಳೆಯದು. ಈ ಬಗ್ಗೆ ಬಂದ ವೈದ್ಯನಾಥನ್ ವರದಿ ಜಾರಿಯಾಗಲಿ ಎಂದು ಅವರ ಸಂಘಟನೆಗಳು ವರ್ಷಗಳಿಂದ ಕೇಳುತ್ತಿವೆ. ಸ್ಟಾಫ್ ಮೀಟಿಂಗ್‌ನಲ್ಲಿ ಸರ್‌ನ ಮಾತಿಗೆ ಸರದಿ ಬರುವುದು ಕೊನೆಗೆ, ಅದೂ ‘ಸ್ಪೋರ್ಟ್ಸ್ ಡೇಗೆ ಶಾಮಿಯಾನ ಎಲ್ಲಿಂದ’ ಎಂಬಲ್ಲಿ. ತನ್ನ ಪೀರಿಯಡ್ ಬೇರೆಯವರು ತೆಗೆದುಕೊಂಡರೆ ಜಗಳವಾಡಲು ಬೇಕಾದ ಬಲ ಅವರ ಹತ್ತಿರ ಇರಲಿಲ್ಲ.

ಪೀರಿಯಡ್ ಹೋಗಿದ್ದು ಎಲ್ಲಿಗೆ

ಹಾಜರಾತಿ ಹುಡುಕಲು ಹೊರಟವರಿಗೆ ಟೈಮ್‌ಟೇಬಲ್‌ನಲ್ಲಿ ಸಿಕ್ಕದ್ದು ಇದು. ಪ್ರತಿ ತರಗತಿಗೆ ವಾರಕ್ಕೆ ಎರಡು ದೈಹಿಕ ಶಿಕ್ಷಣದ ಪೀರಿಯಡ್, ಒಂದೊಂದು ನಲವತ್ತು ನಿಮಿಷ. ಗೋಡೆಯ ಮೇಲೆ ಹಾಗೆ ಬರೆದಿದೆ. ಹತ್ತನೇ ತರಗತಿಯದು ಜೂನ್‌ನಿಂದಲೇ ಗಣಿತಕ್ಕೆ. ಎಂಟು ಮತ್ತು ಒಂಬತ್ತನೇ ತರಗತಿಗಳದು ಕಾಗದದಲ್ಲಿ ಇದೆ, ಆದರೆ ಎರಡು ಮೂರು ಸೆಕ್ಷನ್‌ಗಳನ್ನು ಒಟ್ಟಿಗೆ ಅಂಗಳಕ್ಕೆ ಬಿಡುತ್ತಾರೆ. ಗಂಡುಮಕ್ಕಳಿಗೆ ಒಂದು ಚೆಂಡು, ಹೆಣ್ಣುಮಕ್ಕಳು ಮೆಟ್ಟಿಲ ಮೇಲೆ. ಐದರಿಂದ ಹದಿನೇಳು ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಲ್ಲಿ ವಾರಕ್ಕೂ ಅಷ್ಟು ಇಲ್ಲ.

ಗಣಿತ ಮೇಡಂ ಮೇಲೆ ಗೂಬೆ ಕೂರಿಸುವುದು ಸುಲಭ. ಅವರ ಮಾತೂ ಕೇಳುವಂಥದ್ದೇ: ‘ಎಸ್‌ಎಸ್‌ಎಲ್‌ಸಿ 625 ಅಂಕದಲ್ಲಿ ಪಿಟಿಗೆ ಎಷ್ಟಿದೆ ಹೇಳಿ ಸರ್?’ ಒಂದೂ ಇಲ್ಲ. ಶಾಲೆಯ ಫಲಿತಾಂಶ ಕುಸಿದರೆ ನೋಟಿಸ್ ಬರುವುದು ಅವರಿಗೆ. ಮಕ್ಕಳು ಓಡಲಾರದೆ ಹೋದರೆ ಯಾರಿಗೂ ನೋಟಿಸ್ ಬರುವುದಿಲ್ಲ.

ಡಿಸೆಂಬರ್ ಮೊದಲ ವಾರ ಎಂಟು ಮತ್ತು ಒಂಬತ್ತನೇ ತರಗತಿಯ ಎಲ್ಲ ಮಕ್ಕಳಿಗೂ ಫಿಟ್ ಇಂಡಿಯಾದ ಶಾಲಾ ಪರೀಕ್ಷೆಗಳನ್ನು ಮಾಡಿಸಿದೆವು: ಎತ್ತರ ತೂಕ, 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕೂತು ಮುಂದಕ್ಕೆ ಬಾಗುವುದು, ಹೊಟ್ಟೆಯ ಸ್ನಾಯುವಿನ ಕರ್ಲ್-ಅಪ್, ಪುಷ್-ಅಪ್. ಸ್ಟಾಪ್‌ವಾಚ್ ಹಿಡಿದದ್ದು ಹತ್ತನೇ ತರಗತಿಯ ಮಕ್ಕಳು. 600 ಮೀಟರ್‌ನಲ್ಲಿ ಕೆಡೆಟ್‌ಗಳಿಗೂ ಉಳಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡೂ ಗುಂಪಿನಲ್ಲಿ ಅರ್ಧ ದಾರಿಯಲ್ಲಿ ಸೊಂಟ ಹಿಡಿದು ನಡೆದವರು ಬಹಳ. ಎಲ್ಲರಿಗಿಂತ ಮುಂದೆ ಬಂದವನು ಒಂಬತ್ತನೇ ಬಿ ಸೆಕ್ಷನ್ನಿನ ಕುಳ್ಳ ಹುಡುಗ, ಬೆಳಗ್ಗೆ ಮನೆ ಮನೆಗೆ ಪೇಪರ್ ಹಾಕುವವನು. ಎನ್‌ಸಿಸಿಯಲ್ಲಿ ಇಲ್ಲ. ಜೂನ್‌ನಲ್ಲಿ ಸಾಲಾಗಿ ನಿಲ್ಲಿಸಿ ಎತ್ತರ ನೋಡಿ ಆರಿಸುವಾಗ ಬಿಟ್ಟುಹೋದವನು.

ಆಯ್ಕೆ ಹೇಗೆ ನಡೆಯುತ್ತದೆ ಎಂದು ಕೇಳಿದೆ. ಎತ್ತರ, ಏಳನೇ ತರಗತಿಯ ಅಂಕ, ಕ್ಲಾಸ್ ಟೀಚರ್ ಅಭಿಪ್ರಾಯ. ಎನ್‌ಸಿಸಿ ಜೂನಿಯರ್ ಡಿವಿಷನ್‌ಗೆ ನಿಗದಿತ ವಯಸ್ಸು, ವೈದ್ಯಕೀಯವಾಗಿ ಯೋಗ್ಯ, ನಡತೆ ಒಳ್ಳೆಯದು ಎಂದಿದೆ. ಅಂಕದ ಮಾತು ಶಾಲೆ ತಾನೇ ಸೇರಿಸಿಕೊಂಡದ್ದು. ಹೃದಯನಾಥ ಕುಂಜ್ರು ಸಮಿತಿ 1946ರಲ್ಲಿ ಕೂತು ಯೋಚಿಸಿ, 1948ರ ಕಾಯ್ದೆಯಿಂದ ಎನ್‌ಸಿಸಿ ಹುಟ್ಟಿ, ಮರುವರ್ಷವೇ ಹೆಣ್ಣುಮಕ್ಕಳ ವಿಭಾಗ ಶುರುವಾದದ್ದು, ಈಗಾಗಲೇ ಚೆನ್ನಾಗಿರುವ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ತೋರಿಸುವುದಕ್ಕಲ್ಲ. ಈ ಶಾಲೆಯಲ್ಲಿ ಎಲ್ಲರ ಪಿಟಿಯನ್ನು ಕಿತ್ತುಕೊಂಡು, ಅದರ ಬದಲಿಗೆ ನೂರು ಮಕ್ಕಳ ಒಂದು ಟ್ರೂಪ್ ಇಟ್ಟುಕೊಂಡಿದ್ದರು. ಆ ನೂರು ಮಕ್ಕಳ ಮೈಗೂ ಮೊದಲು ಬೇಕಿದ್ದದ್ದು ಆ ಪಿಟಿಯೇ. ಬಿಸಿಲಲ್ಲಿ ನಿಲ್ಲಲಾರದೆ ಶನಿವಾರ ತಪ್ಪಿಸಿಕೊಂಡವರ ಕಥೆಯ ಅರ್ಧ ಇಲ್ಲಿದೆ.

‘ಇದ್ರಿಂದ ಏನ್ ಸಿಗುತ್ತೆ ಸಾರ್?’

ಪೋಷಕರ ಸಭೆಯನ್ನು ಭಾನುವಾರ ಕರೆದೆವು, ಬೇರೆ ದಿನ ಗಾರ್ಮೆಂಟ್ಸಿನವರು ಬರಲಾರರು. ರಮ್ಯಾಳ ತಾಯಿ ಎದ್ದು ನಿಂತು ಕೇಳಿದ ಪ್ರಶ್ನೆ ಮೇಲಿನದು. ಪಿಟಿ ಸರ್ ‘ಶಿಸ್ತು ಬರುತ್ತಮ್ಮ’ ಎಂದರು. ಆ ತಾಯಿ, ‘ಶಿಸ್ತು ನಮ್ಮನೇಲೂ ಇದೆ ಸಾರ್’ ಎಂದರು. ಸಭೆ ನಕ್ಕಿತು. ಆದರೆ ಪ್ರಶ್ನೆ ನಗುವಂಥದ್ದಲ್ಲ.

ಅದಕ್ಕೆ ಮೊದಲು ಶಾಲೆಯಲ್ಲಿ ವೃತ್ತಿ ಮಾರ್ಗದರ್ಶನ ಎಂದರೆ ವರ್ಷಕ್ಕೊಂದು ಭಾಷಣ. ನಿವೃತ್ತ ಸೇನಾಧಿಕಾರಿಯೊಬ್ಬರು ಬರುತ್ತಾರೆ, ಸಿಯಾಚಿನ್ ಚಳಿಯ ಮಾತಾಡುತ್ತಾರೆ, ‘ಯಾರ್ಯಾರು ಸೈನ್ಯ ಸೇರ್ತೀರಿ’ ಎಂದು ಕೇಳುತ್ತಾರೆ, ಇಡೀ ಹಾಲ್ ಕೈ ಎತ್ತುತ್ತದೆ. ಅದೂ ಕೆಡೆಟ್‌ಗಳಿಗೆ ಮಾತ್ರ, ಉಳಿದವರಿಗೆ ತರಗತಿ. ಆ ಭಾಷಣದಿಂದ ಮಕ್ಕಳಿಗೆ ಉಳಿದ ತಿಳಿವಳಿಕೆ ಎಂದರೆ ‘ಎ’ ಸರ್ಟಿಫಿಕೇಟ್ ಇದ್ದರೆ ಮಿಲಿಟರಿಯಲ್ಲಿ ಕೆಲಸ ಗ್ಯಾರಂಟಿ ಎಂಬುದು.

ಆ ತಾಯಿಗೆ ನಿಜವನ್ನೇ ಹೇಳಿದೆವು. ‘ಎ’ ಸರ್ಟಿಫಿಕೇಟ್ ಒಂದರಿಂದ ಕೆಲಸ ಸಿಗುವುದಿಲ್ಲ. ಅಗ್ನಿವೀರ್ ನೇಮಕಾತಿಯಲ್ಲಿ ಎನ್‌ಸಿಸಿ ಸರ್ಟಿಫಿಕೇಟ್‌ಗಳಿಗೆ ಬೋನಸ್ ಅಂಕ ಉಂಟು, ‘ಎ’ಗೆ ಕಡಿಮೆ, ‘ಸಿ’ಗೆ ಹೆಚ್ಚು. ನಿಜವಾದ ಬೆಲೆ ಇರುವುದು ಮುಂದುವರಿಸಿದರೆ. ಕಾಲೇಜಿನ ಸೀನಿಯರ್ ವಿಭಾಗದಲ್ಲಿ ‘ಬಿ’, ಆಮೇಲೆ ‘ಸಿ’. ‘ಸಿ’ಯಲ್ಲಿ ಕನಿಷ್ಠ ಬಿ ಗ್ರೇಡ್, ಪದವಿಯಲ್ಲಿ ಶೇ 50 ಇದ್ದರೆ ಸೇನಾಧಿಕಾರಿಗಳ ಆಯ್ಕೆಯ ಸಿಡಿಎಸ್ ಲಿಖಿತ ಪರೀಕ್ಷೆ ಇಲ್ಲದೆ ನೇರವಾಗಿ ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋಗುವ ವಿಶೇಷ ಪ್ರವೇಶ ಇದೆ, ಹುಡುಗರಿಗೂ ಹುಡುಗಿಯರಿಗೂ. ಆದ್ದರಿಂದ ಹತ್ತನೇ ತರಗತಿ ಮುಗಿದಾಗ ಕೇಳಬೇಕಾದ್ದು ‘ಯಾವ ಕಾಲೇಜಿನಲ್ಲಿ ಎನ್‌ಸಿಸಿ ಯೂನಿಟ್ ಇದೆ’ ಎಂದು. ಈ ಒಂದು ಮಾತನ್ನು ಶಾಲೆಯಲ್ಲಿ ಇದುವರೆಗೆ ಯಾರೂ ಹೇಳಿರಲಿಲ್ಲ.

ಹೊಸ ಕಾರ್ಯಕ್ರಮವನ್ನು ಕೆಡೆಟ್‌ಗಳಿಗೆ ಸೀಮಿತ ಮಾಡದೆ ಒಂಬತ್ತು ಮತ್ತು ಹತ್ತನೇ ತರಗತಿಯ ಎಲ್ಲರಿಗೂ ಇಟ್ಟೆವು. ಮೊದಲ ದಿನ ಭಾಷಣವೇ ಇಲ್ಲ, ಮೈಯ ಲೆಕ್ಕ. ಕಣ್ಣಿನ ಚಾರ್ಟು, ಬಣ್ಣಗುರುಡಿನ ಇಶಿಹಾರ ಪುಸ್ತಕ. ಹತ್ತನೇ ತರಗತಿಯ ಹುಡುಗನೊಬ್ಬನಿಗೆ ಕೆಂಪು ಹಸಿರಿನ ಚುಕ್ಕೆಗಳ ನಡುವಿನ ಅಂಕಿ ಕಾಣಲಿಲ್ಲ. ಪೈಲಟ್ ಆಗಬೇಕೆಂದು ಎಲ್ಲ ಪುಸ್ತಕದ ಹಿಂದೆ ಸುಖೋಯ್ ಬಿಡಿಸಿಕೊಂಡವನು. ಬೇಜಾರಾಯಿತು. ಆದರೆ ಪಿಯುಸಿ ಮುಗಿಸಿ, ಕೋಚಿಂಗ್‌ಗೆ ಸಾಲ ಮಾಡಿ, ಕೊನೆಗೆ ವೈದ್ಯಕೀಯ ಪರೀಕ್ಷೆಯ ಮೇಜಿನ ಮುಂದೆ ಗೊತ್ತಾಗುವುದಕ್ಕಿಂತ ಈಗ ಗೊತ್ತಾಗಿದ್ದು ವಾಸಿ. ಅವನೀಗ ಮೆಷಿನ್ ಡಿಸೈನ್ ಕಡೆ ಕೇಳುತ್ತಿದ್ದಾನೆ. ಹಚ್ಚೆಯ ವಿಷಯವೂ ಬಂತು. ಈ ಕಡೆಯ ಹುಡುಗರಲ್ಲಿ ಕತ್ತಿನ ಮೇಲೆ, ಎದೆಯ ಮೇಲೆ ಹಚ್ಚೆ ಹಾಕಿಸಿಕೊಳ್ಳುವ ಹುಚ್ಚು ಜೋರಾಗಿದೆ. ಸೇನೆಯ ನಿಯಮದಲ್ಲಿ ಮುಂಗೈಯ ಒಳಭಾಗ, ಅಂಗೈಯ ಹಿಂಭಾಗ ಬಿಟ್ಟು ಬೇರೆಡೆ ಶಾಶ್ವತ ಹಚ್ಚೆಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಮಂಜುವಿನ ಕಾಲರ್ ಮೇಲೆ ಅಂದು ಹಲವರ ಕಣ್ಣು ಬಿತ್ತು.

ಎರಡನೇ ದಿನ ದಾರಿಗಳು. ಎನ್‌ಡಿಎಗೆ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ಪಿಯುಸಿ ಬೇಕು; ವಾಯುಪಡೆ, ನೌಕಾಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಇರಲೇಬೇಕು. ಹೀಗಾಗಿ ‘ಸೈನ್ಸ್ ಕಷ್ಟ, ಆರ್ಟ್ಸ್ ತಗೊಂಡು ಏರ್‌ಫೋರ್ಸ್ ಸೇರ್ತೀನಿ’ ಎನ್ನುವುದು ಈ ದಾರಿಯಲ್ಲಿ ನಡೆಯದು. ಸುಪ್ರೀಂ ಕೋರ್ಟಿನ 2021ರ ಆದೇಶದ ನಂತರ ಹೆಣ್ಣುಮಕ್ಕಳಿಗೂ ಎನ್‌ಡಿಎ ತೆರೆದಿದೆ. 2025ರ ಮೇ ತಿಂಗಳಲ್ಲಿ ಮೊದಲ ತಂಡದ 17 ಯುವತಿಯರು ಅಲ್ಲಿಂದ ತೇರ್ಗಡೆಯಾಗಿ ಹೊರಬಂದರು. ಅಗ್ನಿವೀರ್ ಎಂದರೆ ನಾಲ್ಕು ವರ್ಷ, ಅದರಲ್ಲಿ ಶೇ 25ರಷ್ಟು ಜನರನ್ನು ಮಾತ್ರ ಮುಂದುವರಿಸುತ್ತಾರೆ. ಇದನ್ನು ಕೇಳಿದಾಗ ಪೋಷಕರ ಸಾಲಿನಲ್ಲಿ ಗುಸುಗುಸು ಎದ್ದಿತು, ಅವರಲ್ಲಿ ಹಲವರಿಗೆ ಅದು ಹಳೆಯ ಕಾಲದ ಪಿಂಚಣಿ ನೌಕರಿ ಎಂದೇ ಲೆಕ್ಕ. ಮಿಲಿಟರಿ ಪೊಲೀಸ್‌ನಲ್ಲಿ ಮಹಿಳಾ ಸೈನಿಕರ ಮೊದಲ ತಂಡ, 83 ಜನ, 2021ರಲ್ಲಿ ತರಬೇತಿ ಮುಗಿಸಿದ್ದು ನಮ್ಮ ಬೆಂಗಳೂರಿನ ಕೇಂದ್ರದಲ್ಲೇ ಎಂಬುದು ರಮ್ಯಾಳ ಗುಂಪಿಗೆ ಬಹಳ ಹಿಡಿಸಿತು. ರಾಜ್ಯ ಪೊಲೀಸ್ ಕಾನ್‌ಸ್ಟೇಬಲ್‌ಗೆ ಪಿಯುಸಿ. ದೈಹಿಕ ಪರೀಕ್ಷೆಯಲ್ಲಿ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದೊಳಗೆ, ಹುಡುಗಿಯರು 400 ಮೀಟರನ್ನು ಎರಡು ನಿಮಿಷದೊಳಗೆ ಓಡಬೇಕು. ಡಿಸೆಂಬರಿನಲ್ಲಿ ತಾವೇ ಓಡಿದ 600 ಮೀಟರ್‌ನ ಸಮಯ ಮಕ್ಕಳ ಚೀಟಿಯಲ್ಲಿತ್ತು. ಹೋಲಿಸಿ ನೋಡಿಕೊಳ್ಳಿ ಎಂದು ಹೇಳುವ ಅಗತ್ಯವೇ ಬೀಳಲಿಲ್ಲ.

ಸಮವಸ್ತ್ರದ ಆಚೆಗಿನದನ್ನೂ ಅಷ್ಟೇ ಹೊತ್ತು ಮಾತಾಡಿದೆವು. ಪಿಟಿ ಸರ್ ತಾವು ಪದವಿ ಮುಗಿಸಿ ದೈಹಿಕ ಶಿಕ್ಷಣದ ಬಿಪಿಎಡ್ ಮಾಡಿದ್ದು ಹೇಗೆ, ಈಗ ಅದು ಎರಡು ವರ್ಷದ ಕೋರ್ಸು ಎಂದು ಮೊದಲ ಸಲ ಮಕ್ಕಳ ಮುಂದೆ ತಮ್ಮ ಕೆಲಸದ ಬಗ್ಗೆ ಮಾತಾಡಿದರು. ಹತ್ತಿರದ ರಾಜಾಜಿನಗರದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರಕ್ಕೆ (ಜಿಟಿಟಿಸಿ) ಕರೆದುಕೊಂಡು ಹೋದೆವು. ಎಸ್‌ಎಸ್‌ಎಲ್‌ಸಿ ಆದವರಿಗೆ ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ, ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಚಿಕ್ಕಪ್ಪನ ಶಾಪಿನಲ್ಲಿ ಕಬ್ಬಿಣದ ಜೊತೆ ಬೆಳೆದ ಮಂಜು ಅಲ್ಲಿನ ಸಿಎನ್‌ಸಿ ಮೆಷಿನ್ ಮುಂದಿನಿಂದ ಕದಲಲಿಲ್ಲ. ವಾಪಸ್ ಬರುವಾಗ ಅಡ್ಮಿಷನ್ ಯಾವಾಗ ಎಂದು ಎರಡು ಸಲ ಕೇಳಿದ.

ಏನೇನು ಬದಲಾಯಿತು, ಏನು ಇಲ್ಲ

ಹಾಜರಾತಿ ಸಾಲದವರ ವಿಷಯದಲ್ಲಿ ಒಂದು ಸುಲಭದ ದಾರಿ ಎಲ್ಲರ ಮನಸ್ಸಿನಲ್ಲಿತ್ತು. ‘ಪುಸ್ತಕದಲ್ಲಿ ಅಡ್ಜಸ್ಟ್ ಮಾಡೋಣ ಮೇಡಂ, ಎಲ್ಲ ಕಡೆ ನಡೆಯುತ್ತೆ’ ಎಂಬ ಮಾತು ಬಂದೇ ಬಂತು. ಮುಖ್ಯೋಪಾಧ್ಯಾಯಿನಿ ಪೆನ್ನು ಕೆಳಗಿಟ್ಟು ‘ಬೇಡ’ ಎಂದರು. ಬದಲಿಗೆ, ಯೂನಿಫಾರ್ಮ್ ಇಲ್ಲವೆಂದು ಗೇಟಿನಿಂದ ವಾಪಸ್ ಕಳಿಸಿದ ದಿನಗಳ ಲೆಕ್ಕವನ್ನು ತೆಗೆದು, ರದ್ದಾದ ಪರೇಡ್‌ಗಳ ಬದಲಿಗೆ ಹೆಚ್ಚುವರಿ ಪರೇಡ್ ನಡೆಸಲು ಅನುಮತಿ ಕೋರಿ ಬೆಟಾಲಿಯನ್‌ಗೆ ಬರೆದರು. ಕಮಾಂಡಿಂಗ್ ಆಫೀಸರ್ ಒಪ್ಪಿದರು. ವಾಪಸ್ ಕಳಿಸಿದ ದಿನಗಳಿಗೆ ಮಾತ್ರ ಹಾಜರಿ ಕೊಡಲಾಗದು ಎಂದರು, ಅದು ನ್ಯಾಯವೇ. ಹೆಚ್ಚುವರಿ ಪರೇಡ್‌ಗಳ ನಂತರ ಬಹುಪಾಲು ಮಕ್ಕಳು ಗೆರೆ ದಾಟಿದರು, ರಮ್ಯಾಳೂ ಸೇರಿ. ಕೆಲವರು ದಾಟಲಿಲ್ಲ. ಅವರಲ್ಲಿ ಮಂಜು ಒಬ್ಬ.

ಶನಿವಾರವನ್ನು ಬಿಡಿಸಿಕೊಳ್ಳುವುದು ಇನ್ನೂ ಕಷ್ಟವಾಯಿತು. ಹವಾಲ್ದಾರರ ದಿನಗಳು ಬೇರೆ ಶಾಲೆಗಳ ಜೊತೆ ಹೆಣೆದುಕೊಂಡಿವೆ. ಒಂದನ್ನು ಎಳೆದರೆ ಇನ್ನೊಂದು ಕಳಚುತ್ತದೆ. ಕೊನೆಗೆ ಪಕ್ಕದ ಶಾಲೆಯೊಂದು ದಿನ ಬದಲಾಯಿಸಿಕೊಳ್ಳಲು ಒಪ್ಪಿ, ಬುಧವಾರ ಸಂಜೆ ನಾಲ್ಕೂವರೆಗೆ ಪರೇಡ್ ಬಂತು. ಪರೇಡಿನ ಅಲ್ಪೋಪಹಾರದ ಹಣದಲ್ಲಿ ಮುಗಿದ ಮೇಲೆ ಕೊಡುತ್ತಿದ್ದ ಸಮೋಸ ಹೋಗಿ, ಶುರುವಾಗುವ ಮುಂಚೆ ಬಾಳೆಹಣ್ಣು ಮತ್ತು ಬೇಯಿಸಿದ ಮೊಟ್ಟೆ ಬಂತು. ಮಕ್ಕಳಿಗೆ ಸಮೋಸ ಹೋದದ್ದು ಇನ್ನೂ ಬೇಜಾರು. ಚಿಕ್ಕ ತಮ್ಮ ತಂಗಿಯರನ್ನು ಕರೆತರುವವರಿಗೆ ಅಂಗಳದಲ್ಲಿ ಕೂರಿಸಿಕೊಳ್ಳುವ ಜವಾಬ್ದಾರಿಯನ್ನು ಹಿಂದಿ ಮೇಡಂ ಹೊತ್ತರು. ಅವರೇ ಈಗ ಕೇರ್‌ಟೇಕರ್ ಆಗಿ ಎನ್‌ಸಿಸಿಯನ್ನೂ ನೋಡಿಕೊಳ್ಳುತ್ತಿದ್ದಾರೆ, ಹೀಗಾಗಿ ಸರ್ ಊರಲ್ಲಿಲ್ಲದಾಗ ಪರೇಡ್ ನಿಲ್ಲುವುದಿಲ್ಲ. ಹೆಣ್ಣುಮಕ್ಕಳು ಕಷ್ಟಸುಖ ಹೇಳಿಕೊಳ್ಳುವುದೂ ಅವರ ಹತ್ತಿರವೇ. ಬೂಟಿಗೆ ಹತ್ತನೇ ತರಗತಿಗೆ ಹೋದವರಿಂದ ಹಳೆಯದು ಇಸಿದುಕೊಂಡು ಒಂದು ಪೆಟ್ಟಿಗೆ ಮಾಡಿದ್ದಾರೆ. ಖಾಕಿ ಬರುವವರೆಗೆ ಪಿಟಿ ಬಟ್ಟೆಯಲ್ಲಿ ನಿಂತರೂ ಹಾಜರಿ.

ಹೊಸ ಆಯ್ಕೆಯಲ್ಲಿ ಎತ್ತರದ ಸಾಲಿಲ್ಲ. ಆಸಕ್ತಿ ಇದ್ದವರೆಲ್ಲ ಒಂದು ತಿಂಗಳು ಸಂಜೆ ಬರಬೇಕು, ಬಂದು ಉಳಿದವರಿಂದ ಆಯ್ಕೆ. ಈ ಪದ್ಧತಿಯಲ್ಲಿ ಬಂದ ಕೆಲವು ಮಕ್ಕಳ ಹೆಸರು ನೋಡಿ ‘ಇವರನ್ನ ಎನ್‌ಸಿಸಿಗೆ ತಗೊಂಡ್ರೆ ಶಾಲೆ ಮರ್ಯಾದೆ ಏನಾಗಬೇಕು’ ಎಂದು ಸ್ಟಾಫ್ ರೂಮಿನಲ್ಲಿ ಮಾತಾಯಿತು. ಹಿಂದಿನ ಬೆಂಚಿನವರೇ ಜಾಸ್ತಿ ಎಂಬುದು ನಿಜ. ಅವರೇ ತಪ್ಪದೆ ಬಂದವರು ಎಂಬುದೂ ನಿಜ.

ಪೀರಿಯಡ್ ವಿಷಯ ಪೂರ್ತಿ ಮುಗಿದಿಲ್ಲ. ಎಂಟು, ಒಂಬತ್ತನೇ ತರಗತಿಗಳಿಗೆ ಸೆಕ್ಷನ್ ಸೇರಿಸುವುದನ್ನು ನಿಲ್ಲಿಸಿದ್ದಾರೆ. ಶನಿವಾರದ ಮೊದಲ ಪೀರಿಯಡ್‌ನಲ್ಲಿ ಇಡೀ ಶಾಲೆ, ಟೀಚರ್‌ಗಳೂ ಸೇರಿ, ಅಂಗಳದಲ್ಲಿ ಕವಾಯತು ಮಾಡುತ್ತದೆ. ಹತ್ತನೇ ತರಗತಿಯ ಎರಡು ಪೀರಿಯಡ್‌ಗಳಲ್ಲಿ ಒಂದನ್ನು ಗಣಿತ ಮೇಡಂ ಬಿಟ್ಟುಕೊಟ್ಟಿದ್ದಾರೆ, ಅದೂ ಡಿಸೆಂಬರ್‌ವರೆಗೆ ಮಾತ್ರ. ಆಮೇಲೆ ಪ್ರಿಪರೇಟರಿ ಇದೆಯಲ್ಲ, ಎಂದರು. ಇನ್ನೊಂದರ ಬಗ್ಗೆ ಮುಂದಿನ ವರ್ಷದ ಮೊದಲ ಸ್ಟಾಫ್ ಮೀಟಿಂಗ್‌ನಲ್ಲಿ ಮಾತಾಡೋಣ ಎಂದು ಮುಖ್ಯೋಪಾಧ್ಯಾಯಿನಿ ಬರೆದುಕೊಂಡಿದ್ದಾರೆ. ಈ ಸಲ ವಿಷಯ ಮಂಡಿಸುವವರು ಪಿಟಿ ಸರ್, ಅಜೆಂಡಾದಲ್ಲಿ ಎರಡನೆಯದು, ಶಾಮಿಯಾನಕ್ಕಿಂತ ಮೊದಲು.